ಪರದೆಗೆ ಬಂದ ಸೇನಾಪತಿ



ಯುದ್ಧ ಇನ್ನೂ ಮುಗಿದಿಲ್ಲ, ಸೇನಾಪತಿ ಇನ್ನೂ ರಣರಂಗದಲ್ಲಿದ್ದಾನೆ. ಅಷ್ಟರಲ್ಲೇ ಆತನ ಜೀವನ ಕಥೆ ಚಲನಚಿತ್ರವಾಗಿಬಿಟ್ಟಿದೆ! 1918ರಲ್ಲಿ ಅಮೆರಿಕಾದಲ್ಲಿ ಆದದ್ದು ಹೀಗೆ. ಫಾಕ್ಸ್ ಕಂಪನಿಯ ಆ ಮೂಕಿ ಚಿತ್ರದ ಹೆಸರು ‘ವೈ ಅಮೆರಿಕಾ ವಿಲ್ ವಿನ್’, ಅಂದರೆ ಅಮೆರಿಕಾ ಏಕೆ ಗೆಲ್ಲುತ್ತದೆ ಎಂದು. ನಿರ್ದೇಶಕ ರಿಚರ್ಡ್ ಸ್ಟಾಂಟನ್. ಕಥಾನಾಯಕ ಜನರಲ್ ಜಾನ್ ಪರ್ಷಿಂಗ್, ಫ್ರಾನ್ಸಿಗೆ ಹೋದ ಅಮೆರಿಕನ್ ಸೇನೆಯ ಮುಖ್ಯಸ್ಥ.

ಇಷ್ಟು ಅವಸರವೇಕೆ ಎಂದು ನೀವು ಕೇಳಬಹುದು. ಅಮೆರಿಕಾ ಯುದ್ಧಕ್ಕೆ ಇಳಿದದ್ದು 1917ರ ಏಪ್ರಿಲ್‌ನಲ್ಲಿ. ಮನೆಮನೆಗೆ ರೇಡಿಯೋ ಇನ್ನೂ ಬಂದಿರಲಿಲ್ಲ. ಮಗನನ್ನು ಸಾಗರದಾಚೆ ಕಳುಹಿಸಿದ ತಾಯಿಗೆ, ಅವನನ್ನು ನಡೆಸುವಾತ ಎಂಥವನು ಎಂಬುದನ್ನು ತೋರಿಸಬೇಕಿತ್ತು. ಸರ್ಕಾರವೂ ಅದೇ ವರ್ಷ ‘ಪರ್ಷಿಂಗ್ಸ್ ಕ್ರುಸೇಡರ್ಸ್’ ಎಂಬ ಸಾಕ್ಷ್ಯಚಿತ್ರ ಹೊರತಂದಿತು. ಅದರಲ್ಲಿದ್ದವರು ನಿಜವಾದ ಸೈನಿಕರು. ಫಾಕ್ಸ್ ಚಿತ್ರದಲ್ಲಿ ನಟರು. ಎರಡೂ ಪ್ರಚಾರವೇ, ಇದನ್ನು ಮರೆಯಬೇಡಿ.

ಪರ್ಷಿಂಗ್‌ನ ನಿಜ ಜೀವನವಾದರೋ ಯಾವ ಚಿತ್ರಕಥೆಗೂ ಕಡಿಮೆಯದಲ್ಲ. ಮಿಸೌರಿಯಲ್ಲಿ 1860ರಲ್ಲಿ ಜನನ. 1886ರಲ್ಲಿ ವೆಸ್ಟ್ ಪಾಯಿಂಟ್ ಸೈನಿಕ ಶಾಲೆಯ ಪದವಿ. 1915ರ ಆಗಸ್ಟ್ 27ರಂದು ಆತ ದೂರದ ಮೆಕ್ಸಿಕೋ ಗಡಿಯಲ್ಲಿದ್ದಾಗ ಸ್ಯಾನ್ ಫ್ರಾನ್ಸಿಸ್ಕೋದ ಮನೆಗೆ ಬೆಂಕಿ ಬಿತ್ತು. ಹೆಂಡತಿಯೂ ಮೂವರು ಹೆಣ್ಣುಮಕ್ಕಳೂ ತೀರಿಕೊಂಡರು. ಉಳಿದವನು ಆರು ವರ್ಷದ ಮಗ ವಾರನ್ ಒಬ್ಬನೇ. ಮುಂದಿನ ವರ್ಷ ಆತ ಪಾಂಚೋ ವಿಲಾನನ್ನು ಹಿಡಿಯಲು ಮೆಕ್ಸಿಕೋ ಹೊಕ್ಕು, ಹಿಡಿಯಲಾಗದೆ ಹಿಂತಿರುಗಿದ. ಇಂಥ ಮನುಷ್ಯನನ್ನು 1917ರಲ್ಲಿ ಫ್ರಾನ್ಸಿಗೆ ಕಳುಹಿಸಿದರು.

ಚಿತ್ರದ ಹೆಸರೇನೋ ಗೆಲುವನ್ನು ಸಾರಿತು, ಗೆಲುವೂ ಬಂತು. ಆದರೆ 1918ರ ಸೆಪ್ಟೆಂಬರ್ 26ರಿಂದ ನವೆಂಬರ್ 11ರವರೆಗೆ ನಡೆದ ಮ್ಯೂಸ್-ಆರ್ಗಾನ್ ಕದನವೊಂದರಲ್ಲೇ 26,000ಕ್ಕೂ ಹೆಚ್ಚು ಅಮೆರಿಕನ್ ಸೈನಿಕರು ಮಡಿದರು. ಈ ಲೆಕ್ಕವನ್ನು ಯಾವ ಚಿತ್ರಮಂದಿರದ ಜಾಹೀರಾತೂ ಮೊದಲೇ ಹೇಳಲಾರದು, ಅಲ್ಲವೇ?

ಆ ಕಾಲದ ಫಿಲಂ ಸುರುಳಿ ನೈಟ್ರೇಟಿನದು. ಹಳತಾದಂತೆ ಕೊಳೆತು ಅನಿಲ ಬಿಡುತ್ತದೆ. ಒಮ್ಮೆ ಹೊತ್ತಿಕೊಂಡರೆ ನೀರಿನಲ್ಲಿ ಮುಳುಗಿಸಿದರೂ ಉರಿಯುತ್ತದೆ. 1937ರ ಜುಲೈ 9ರಂದು, ಕಡು ಬೇಸಿಗೆಯಲ್ಲಿ, ನ್ಯೂಜೆರ್ಸಿಯ ಲಿಟಲ್ ಫೆರಿಯಲ್ಲಿದ್ದ ಫಾಕ್ಸ್‌ನ ಉಗ್ರಾಣ ತಾನಾಗಿ ಹೊತ್ತಿಕೊಂಡಿತು. ಆ ಕಂಪನಿಯ ಮೂಕಿ ಯುಗದ ಬಹುಪಾಲು ಚಿತ್ರಗಳು ಬೂದಿಯಾದವು. ಪರ್ಷಿಂಗ್ ಆಗಿನ್ನೂ ಬದುಕಿದ್ದ. ಆತ ತೀರಿಕೊಂಡದ್ದು 1948ರಲ್ಲಿ.