ನಿಧಾನಗತಿಯಲ್ಲಿ ನಿಂತುಹೋಗುವ ದೋಣಿ ಎಂಜಿನ್: ಮಳೆಗಾಲಕ್ಕೆ ಮುನ್ನ ಗಮನಿಸಬೇಕಾದ ಸಂಗತಿಗಳು

(ಹೊಸಪೇಟೆಯಲ್ಲಿ ನದಿತೀರದ ಹಾಗೂ ನೆರೆಯ ಗ್ರಾಮ ಪಂಚಾಯಿತಿಗಳ ಸದಸ್ಯರಿಗೆ ನೀಡಿದ ಉಪನ್ಯಾಸದ ಪಠ್ಯ)



ಎಂಜಿನ್ ದುರಸ್ತಿಯ ಮಾತನ್ನು ಮೆಕ್ಯಾನಿಕರ ಮುಂದೆ ಹೇಳದೆ ಜನಪ್ರತಿನಿಧಿಗಳ ಮುಂದೆ ಏಕೆ ಹೇಳಬೇಕು ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಕಾರಣ ಸರಳವಾಗಿದೆ. ನಡುರಾತ್ರಿ ಹೊಳೆ ಏರಿದಾಗ ಮೆಕ್ಯಾನಿಕ್ ಊರಿನಲ್ಲಿರುವುದಿಲ್ಲ. ಘಟ್ಟದ ಮೇಲೆ ನಿಂತಿರುವವರು ನೀವು.

ನಮ್ಮ ಹೊಳೆಯ ಸ್ವಭಾವವನ್ನು ನಿಮಗೆ ನಾನು ವಿವರಿಸಬೇಕಾಗಿಲ್ಲ. ತುಂಗಭದ್ರಾ ಜಲಾಶಯದ 33 ಕ್ರಸ್ಟ್ ಗೇಟುಗಳಿಂದ ಹೊರಹರಿವು ಹೆಚ್ಚಾದರೆ ಹಂಪಿಯಲ್ಲಿ ಪುರಂದರ ಮಂಟಪ ಮುಳುಗುತ್ತದೆ, ಕಂಪ್ಲಿ–ಗಂಗಾವತಿ ಸೇತುವೆಯ ಮೇಲೆ ಸಂಚಾರ ನಿಲ್ಲುತ್ತದೆ. 2019ರ ಆಗಸ್ಟ್‌ನಲ್ಲಿ ವಿರೂಪಾಪುರ ಗಡ್ಡೆಯಲ್ಲಿ ಸಿಲುಕಿದ್ದ ಪ್ರವಾಸಿಗರನ್ನು ದೋಣಿ ಮತ್ತು ಹೆಲಿಕಾಪ್ಟರ್ ಮೂಲಕ ಕರೆತರಬೇಕಾಯಿತು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾದಾಗ ಕೆಳದಂಡೆಯ ಊರುಗಳಲ್ಲಿ ಯಾರೂ ನಿದ್ರಿಸಲಿಲ್ಲ.

1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗುಂದಿಗೆ ಬುಟ್ಟಿಯಂತಹ ದುಂಡು ದೋಣಿಗಳಲ್ಲಿ ಜನ ದಾಟುತ್ತಿದ್ದುದನ್ನು ಬರೆದಿದ್ದಾನೆ. ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದಿಪ್ಪತ್ತು ಜನರ ಭಾರ. ನಮ್ಮ ಹರಿಗೋಲು ಅದೇ. ಅದರಲ್ಲಿ ಕೆಡುವ ಎಂಜಿನ್ ಇಲ್ಲ. ಅಂಬಿಗನ ತೋಳು, ಹುಟ್ಟು, ನೀರಿನ ಪರಿಚಯ ಇಷ್ಟೇ. ಆದರೆ ಪ್ರವಾಹದ ಸೆಳವಿಗೆ ಎದುರಾಗಿ ಹೋಗಲು ಹರಿಗೋಲಿಗೆ ಸಾಧ್ಯವಾಗದು. ಆದ್ದರಿಂದ ಎಂಜಿನ್ ದೋಣಿ ಬೇಕು, ಮತ್ತು ಎಂಜಿನ್ ಇದ್ದಲ್ಲಿ ಅದರ ಕಾಯಿಲೆಗಳೂ ಇರುತ್ತವೆ.

ಈ ಕಾಯಿಲೆಗಳಲ್ಲಿ ಅತ್ಯಂತ ಮೋಸದ್ದು ಒಂದಿದೆ. ದೋಣಿ ವೇಗವಾಗಿ ಸಾಗುವಾಗ ಎಂಜಿನ್ ಚೆನ್ನಾಗಿಯೇ ಓಡುತ್ತದೆ. ವೇಗ ಇಳಿಸಿದೊಡನೆ, ಅಂದರೆ ಐಡ್ಲಿಂಗ್‌ಗೆ ಬಂದೊಡನೆ, ಎರಡು ಬಾರಿ ಕೆಮ್ಮಿ ನಿಂತುಬಿಡುತ್ತದೆ. ರಸ್ತೆಯ ಮೇಲೆ ಮೋಟಾರ್ ಸೈಕಲ್ ಹೀಗೆ ನಿಂತರೆ ಕಿಕ್ ಹೊಡೆದರಾಯಿತು. ದೋಣಿಯ ವೇಗವನ್ನು ಇಳಿಸುವುದಾದರೋ ದಡ ಸಮೀಪಿಸಿದಾಗ, ಬಂಡೆಗಳ ನಡುವೆ, ಮನೆಯ ಮಾಳಿಗೆಯಿಂದ ಮುದುಕಿಯೊಬ್ಬಳನ್ನು ಇಳಿಸಿಕೊಳ್ಳುವಾಗ. ಎಂಜಿನ್ ನಿಲ್ಲುವುದು ಸರಿಯಾಗಿ ಆ ಗಳಿಗೆಯಲ್ಲಿಯೇ.

ಕಂಪ್ಲಿಯ ಕೆಳಗಿನ ಒಂದು ಘಟ್ಟದಲ್ಲಿ ನಾನು ಇದನ್ನು ಅನುಭವಿಸಿದ್ದೇನೆ. ದಡ ಇಪ್ಪತ್ತು ಅಡಿ ದೂರವಿತ್ತು, ದೋಣಿಯಲ್ಲಿ ಆರು ಜನ. ಎಂಜಿನ್ ನಿಂತಿತು, ದೋಣಿ ಅಡ್ಡ ತಿರುಗಿತು. ಹುಟ್ಟುಗಳನ್ನು ಎಲ್ಲಿ ಇಟ್ಟಿದ್ದೀರಿ ಎಂದು ಕೇಳಿದರೆ, ಗೋದಾಮಿನಲ್ಲಿವೆ ಎಂಬ ಉತ್ತರ ಬಂತು. ದಡದ ಯುವಕರು ಎಸೆದ ಹಗ್ಗ ಸಿಕ್ಕಿದ್ದರಿಂದ ಇಂದು ನಿಮ್ಮ ಮುಂದೆ ನಿಂತಿದ್ದೇನೆ. ಮರುದಿನ ಪೆಟ್ರೋಲ್ ಕ್ಯಾನಿನ ತಳದಿಂದ ಒಂದು ಗಾಜಿನ ಬಾಟಲಿಗೆ ತೆಗೆದು ನೋಡಿದೆವು. ತಳದಲ್ಲಿ ಎರಡು ಬೆರಳಿನಷ್ಟು ಎತ್ತರಕ್ಕೆ ನೀರಿನ ಪದರ ನಿಂತಿತ್ತು.

ಐಡ್ಲಿಂಗ್‌ನಲ್ಲಿಯೇ ಏಕೆ ನಿಲ್ಲುತ್ತದೆ ಎಂಬುದನ್ನು ತಿಳಿದರೆ ಅರ್ಧ ದುರಸ್ತಿ ಆದಂತೆಯೇ. ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹರಿಯಲು ಎರಡು ದಾರಿಗಳಿವೆ. ವೇಗಕ್ಕೆ ಒಂದು ದೊಡ್ಡ ಜೆಟ್. ನಿಧಾನಗತಿಗೆ ಕೂದಲೆಳೆಯಷ್ಟು ಸಣ್ಣ ರಂಧ್ರ. ಎಂಜಿನನ್ನು ತಿಂಗಳುಗಟ್ಟಲೆ ಮುಟ್ಟದೆ ಇಟ್ಟಾಗ ಒಳಗಿನ ಪೆಟ್ರೋಲ್ ಆರಿ ಅಂಟಾಗುತ್ತದೆ, ಮೊದಲು ಮುಚ್ಚಿಕೊಳ್ಳುವುದು ಆ ಸಣ್ಣ ರಂಧ್ರವೇ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಬೆರೆತಿರುತ್ತದೆ. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ನೀರು ಮಿತಿ ಮೀರಿದಾಗ ನೀರೂ ಎಥೆನಾಲೂ ಕೂಡಿ ತಳಕ್ಕೆ ಇಳಿಯುತ್ತವೆ. ಎಂಜಿನ್ ಹೀರುವುದು ತಳದಿಂದಲೇ. ಆದುದರಿಂದ ಕಳೆದ ವರ್ಷದ ಪೆಟ್ರೋಲನ್ನು ಮಿತವ್ಯಯವೆಂದು ಉಳಿಸಿಟ್ಟುಕೊಳ್ಳುವುದು ಮಿತವ್ಯಯವಲ್ಲ.

ಇನ್ನು ಪರೀಕ್ಷೆಯ ಕ್ರಮ. ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಕೈಯಿಂದಲೇ ತಿಳಿಯಬಹುದಾದುದು ಬಹಳ ಇದೆ. ಎಂಜಿನ್ ನಿಲ್ಲುವ ಸೂಚನೆ ಕಂಡೊಡನೆ ಪೆಟ್ರೋಲ್ ಪೈಪಿನ ನಡುವಿನ ರಬ್ಬರ್ ಬಲ್ಬನ್ನು ಒತ್ತಿರಿ. ಎಂಜಿನ್ ಚೇತರಿಸಿಕೊಂಡರೆ ಪೆಟ್ರೋಲ್ ಸಾಕಷ್ಟು ತಲುಪುತ್ತಿಲ್ಲವೆಂದು ಅರ್ಥ: ಪೈಪಿನ ಬಿರುಕು, ಸಡಿಲ ಕ್ಲಿಪ್, ಕಟ್ಟಿದ ಫಿಲ್ಟರ್, ಇಲ್ಲವೇ ಪಂಪಿನ ಡಯಾಫ್ರಾಮ್. ಬಲ್ಬು ಚಪ್ಪಟೆಯಾಗಿ ಒಳಗೆ ಎಳೆದುಕೊಂಡಿದ್ದರೆ ಟ್ಯಾಂಕಿನ ಮುಚ್ಚಳದ ಮೇಲಿನ ಗಾಳಿ ಸ್ಕ್ರೂ ಮುಚ್ಚಿದೆಯೇ ನೋಡಿರಿ. ಹತ್ತಿರದ ಮೆಕ್ಯಾನಿಕನನ್ನು ಕರೆಸಿ, ಹಣ ಕೊಟ್ಟು, ಕೊನೆಗೆ ಆ ಸ್ಕ್ರೂ ಒಂದನ್ನೇ ತಿರುಗಿಸಿ ಕಳುಹಿಸಿದ ಸಂದರ್ಭಗಳು ಇವೆ.

ಬಲ್ಬು ಒತ್ತಿದರೂ ವ್ಯತ್ಯಾಸವಾಗದಿದ್ದರೆ ಚೋಕನ್ನು ಸ್ವಲ್ಪವೇ ಎಳೆಯಿರಿ. ಆಗ ಎಂಜಿನ್ ಸ್ಥಿರವಾದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿದೆ, ಗಾಳಿ ಹೆಚ್ಚಾಗಿದೆ. ಸಣ್ಣ ರಂಧ್ರ ಕಟ್ಟಿರುವುದಕ್ಕೆ ಇದೇ ಗುರುತು. ಕಾರ್ಬುರೇಟರನ್ನು ಬಿಚ್ಚಿ ತೊಳೆಸಬೇಕು. ಸೂಜಿ ಹಾಕಿ ಆ ರಂಧ್ರವನ್ನು ಚುಚ್ಚಕೂಡದು. ಅಳತೆ ದೊಡ್ಡದಾದರೆ ಎಂಜಿನ್ ಮತ್ತೆಂದೂ ಹದಕ್ಕೆ ಬರುವುದಿಲ್ಲ. ಚೋಕ್ ಎಳೆದೊಡನೆ ಇನ್ನೂ ಬೇಗ ನಿಂತರೆ, ಪ್ಲಗ್ ತೆಗೆದಾಗ ಅದು ಕಪ್ಪಾಗಿ ಒದ್ದೆಯಾಗಿದ್ದರೆ, ಪೆಟ್ರೋಲ್ ಅಥವಾ ಆಯಿಲ್ ಹೆಚ್ಚಾಗಿದೆ ಎಂದು ತಿಳಿಯಬೇಕು. ಟೂ ಸ್ಟ್ರೋಕ್ ಎಂಜಿನುಗಳಿಗೆ ಸಾಮಾನ್ಯವಾಗಿ 50ಕ್ಕೆ 1ರ ಪ್ರಮಾಣ, ಅಂದರೆ ಲೀಟರಿಗೆ 20 ಮಿಲಿ ಆಯಿಲ್. ಎಂಜಿನಿನ ಕೈಪಿಡಿ ಹೇಳಿದ್ದೇ ಅಂತಿಮ. ‘ಎಂಜಿನಿಗೆ ಒಳ್ಳೆಯದು’ ಎಂದು ಒಂದಿಷ್ಟು ಜಾಸ್ತಿ ಸುರಿಯುವ ಅಭ್ಯಾಸ ನಮ್ಮಲ್ಲಿದೆ. ಮಗುವಿಗೆ ತುಪ್ಪ ಬಡಿಸಿದಂತೆ ಎಂಜಿನಿಗೆ ಆಯಿಲ್ ಬಡಿಸಲಾಗದು.

ನ್ಯೂಟ್ರಲ್‌ನಲ್ಲಿ ನೆಟ್ಟಗೆ ಓಡಿ, ಗೇರ್ ಹಾಕಿದೊಡನೆ ನಿಂತರೆ ಮೊದಲು ಎಂಜಿನ್ ಆರಿಸಿ ಪ್ರೊಪೆಲ್ಲರನ್ನು ನೋಡಬೇಕು. ಜೊಂಡು, ಮೀನುಬಲೆಯ ನೈಲಾನ್ ಎಳೆ, ಹಳೆಯ ಸೀರೆಯ ತುಂಡು, ಇವೆಲ್ಲವೂ ನಮ್ಮ ಹೊಳೆಯಲ್ಲಿ ಸಿಗುತ್ತವೆ.

ಒಂದು ತಪ್ಪನ್ನು ಮಾತ್ರ ದಯವಿಟ್ಟು ಮಾಡಬೇಡಿರಿ, ಮಾಡಲು ಬಿಡಲೂಬೇಡಿರಿ. ಐಡ್ಲಿಂಗ್ ಸ್ಕ್ರೂವನ್ನು ಬಿಗಿದು ವೇಗ ಹೆಚ್ಚಿಸಿದರೆ ಎಂಜಿನ್ ನಿಲ್ಲದೆ ಓಡುತ್ತದೆ, ನಿಜ. ದುರಸ್ತಿಯಾಯಿತೆಂದು ಬಿಲ್ಲೂ ಬರುತ್ತದೆ. ಆದರೆ ದೋಷ ಒಳಗೇ ಉಳಿದಿರುತ್ತದೆ. ಆ ವೇಗದಲ್ಲಿ ಗೇರ್ ಹಾಕಿದರೆ ಗೇರಿನ ಹಲ್ಲುಗಳು ಮುರಿಯುತ್ತವೆ; ದೋಣಿ ಒಮ್ಮೆಲೇ ನೆಗೆಯುತ್ತದೆ; ಒಂದು ಕಾಲು ದಡದಲ್ಲಿ, ಒಂದು ಕಾಲು ದೋಣಿಯಲ್ಲಿ ಇಟ್ಟವರು ನೀರಿಗೆ ಬೀಳುತ್ತಾರೆ. ಬಿಲ್ಲು ಮಂಜೂರು ಮಾಡುವ ಮುನ್ನ ದೋಷದ ಕಾರಣವೇನಿತ್ತು, ಯಾವ ಭಾಗ ಬದಲಾಯಿತು ಎಂದು ಬರೆದುಕೊಡುವಂತೆ ಕೇಳುವ ಹಕ್ಕು ನಿಮಗಿದೆ.

ಸಂಡೂರಿನ ಸದಸ್ಯರು ನಮಗೆ ಹೊಳೆಯೂ ಇಲ್ಲ ದೋಣಿಯೂ ಇಲ್ಲ ಎಂದು ಮುಗುಳ್ನಗುತ್ತಿರುವುದನ್ನು ಕಂಡೆ. ನಿಮ್ಮ ಪಂಚಾಯಿತಿಯ ಫಾಗಿಂಗ್ ಯಂತ್ರ, ಸಣ್ಣ ಪೆಟ್ರೋಲ್ ಪಂಪ್‌ಸೆಟ್, ಜನರೇಟರ್ ಇವುಗಳಲ್ಲಿಯೂ ಬಹುಪಾಲು ಇದೇ ಬಗೆಯ ಕಾರ್ಬುರೇಟರ್ ಇರುತ್ತದೆ. ಅದಿರಿನ ಕೆಂಪು ಧೂಳು ಕ್ಯಾನಿನ ಬಾಯಿಂದ ಒಳಹೋದರೆ ಆ ಸಣ್ಣ ರಂಧ್ರಕ್ಕೆ ಒಂದು ಕಣವೇ ಸಾಕು. ಸೋಸದೆ ಪೆಟ್ರೋಲ್ ಸುರಿಯಬಾರದು.

ಮಳೆಗಾಲ ಮುಗಿದ ಮೇಲೆ ಎಂಜಿನನ್ನು ಒಳಗಿಡುವ ಮುನ್ನ, ಪೈಪನ್ನು ಕಳಚಿ, ಕಾರ್ಬುರೇಟರಿನಲ್ಲಿ ಉಳಿದ ಪೆಟ್ರೋಲ್ ಸುಟ್ಟು ತಾನಾಗಿ ನಿಲ್ಲುವವರೆಗೆ ಓಡಿಸಿರಿ. ತಿಂಗಳಿಗೊಮ್ಮೆ ನೀರು ತುಂಬಿದ ಡ್ರಮ್ಮಿನಲ್ಲಿಟ್ಟು ಹತ್ತು ನಿಮಿಷ ಚಾಲನೆ ಮಾಡಿ, ಅದರಲ್ಲಿ ಐದು ನಿಮಿಷ ಐಡ್ಲಿಂಗ್‌ನಲ್ಲಿಯೇ ಬಿಟ್ಟು, ದಿನಾಂಕವನ್ನು ಪುಸ್ತಕದಲ್ಲಿ ಬರೆಯಿಸಿರಿ. ನೀರಿಲ್ಲದೆ ಓಡಿಸಿದರೆ ತಂಪು ನೀರು ಎತ್ತುವ ರಬ್ಬರ್ ಚಕ್ರ ಸುಟ್ಟುಹೋಗುತ್ತದೆ. ದೋಣಿಯ ಜೊತೆ ಎರಡು ಹೊಸ ಪ್ಲಗ್, ಪ್ಲಗ್ ಸ್ಪ್ಯಾನರ್, ಫಿಲ್ಟರ್, ಉದ್ದನೆಯ ಹಗ್ಗ ಸದಾ ಇರಬೇಕು. ಎರಡು ಹುಟ್ಟುಗಳು ದೋಣಿಯಲ್ಲಿಯೇ ಇರಬೇಕು, ಗೋದಾಮಿನಲ್ಲಿ ಅಲ್ಲ.

ಚಹಾದ ಬಳಿಕ ಹಿಂದಿನ ಅಂಗಳಕ್ಕೆ ಬನ್ನಿರಿ. ಡ್ರಮ್ಮಿನಲ್ಲಿ ಒಂದು ಎಂಜಿನನ್ನು ನಿಲ್ಲಿಸಿದ್ದೇವೆ, ಅದರಲ್ಲಿ ಬೇಕೆಂದೇ ಒಂದು ದೋಷವನ್ನು ಇಟ್ಟಿದ್ದೇವೆ. ಬಲ್ಬು ಮತ್ತು ಚೋಕಿನಿಂದ ನೀವೇ ಕಂಡುಹಿಡಿಯಬೇಕು. ಬೀಡಿ, ಬೆಂಕಿಪೊಟ್ಟಣಗಳನ್ನು ಈ ಮೇಜಿನ ಮೇಲೆ ಬಿಟ್ಟು ಬರತಕ್ಕದ್ದು.