ಮುಪ್ಪಿನ ಮರೆವು
ಅರುವತ್ತಕ್ಕೆ ಅರಳುಮರಳೆಂಬುದು ನಮ್ಮ ಗಾದೆ. ಆದರೆ, ಶ್ರೋತೃಗಳೇ, ಹಿರಿಯರ ಮರೆವೆಲ್ಲವೂ ಅರಳುಮರಳಲ್ಲ. ಖಿನ್ನತೆಯಿಂದ ಕುಗ್ಗಿದ ಮನಸ್ಸು ಕೇಳಿದುದರಲ್ಲಿ ಲಕ್ಷ್ಯವಿಡಲಾರದು. ಲಕ್ಷ್ಯವಿಡದುದು ನೆನಪಿನಲ್ಲಿ ನಿಲ್ಲುವುದಾದರೂ ಹೇಗೆ? ಬುದ್ಧಿ ಕ್ಷಯಿಸಿದಂತೆ ತೋರಿದರೂ ಚೇತರಿಸಿಕೊಂಡ ರೋಗಿಗಳನ್ನು ಮನೋವೈದ್ಯ ಲೆಸ್ಲಿ ಕಿಲೋ ಅವರು 1961ರಲ್ಲಿ ವರ್ಣಿಸಿದರು. ಅವರಲ್ಲಿ ಖಿನ್ನರೂ ಇದ್ದರು.

ಖಿನ್ನರು ತಮ್ಮ ಮರೆವನ್ನು ತಾವೇ ಹೇಳಿಕೊಂಡು ಕೊರಗುವುದುಂಟು. ಪ್ರಶ್ನಿಸಿದರೆ ‘ತಿಳಿಯದು’ ಎಂದುಬಿಡುವರು. ನಿಜವಾದ ಅರಳುಮರಳನ್ನು ಹೆಚ್ಚಾಗಿ ಮನೆಯವರೇ ಮೊದಲು ಕಾಣುವರು. ಇದು ಸೂಚನೆಯೇ ಹೊರತು ನಿರ್ಣಯವಲ್ಲ. ಎರಡೂ ಒಬ್ಬರಲ್ಲಿಯೇ ಇರಬಹುದು, ಮೊದಲನೆಯದು ಎರಡನೆಯದರ ಮುನ್ಸೂಚನೆಯೂ ಆಗಬಹುದು. ಆದುದರಿಂದ ಹಿರಿಯರು ಮರೆವೆಂದಾಗ ಅವರ ನಿದ್ರೆ, ಹಸಿವು, ಉತ್ಸಾಹಗಳನ್ನೂ ವಿಚಾರಿಸಿ, ವೈದ್ಯರಿಗೆ ತೋರಿಸಿರಿ. ಖಿನ್ನತೆಗೆ ಚಿಕಿತ್ಸೆಯುಂಟು; ಗಾದೆಯನ್ನು ನಂಬಿ ಸುಮ್ಮನಿದ್ದರೆ ಅದು ದೊರೆಯದೆ ಹೋಗುವುದು.