ಶಾಲೆಯ ಬಾಗಿಲಲ್ಲಿ ಊರಿನ ಪ್ರಶ್ನೆ



ಜೂನ್ ತಿಂಗಳ ಕೊನೆಯ ಒಂದು ಶನಿವಾರ ಎಂದಿಟ್ಟುಕೊಳ್ಳೋಣ. ಕುಂದಾಪುರದಿಂದ ಪೂರ್ವಕ್ಕೆ, ಘಟ್ಟದ ಬುಡದಲ್ಲಿ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಹೊರಗೆ ಮಳೆ ಹಿಡಿದಿದೆ. ಹೆಂಚಿನ ಮಾಡಿನ ಮೇಲೆ ನೀರು ಬೀಳುವ ಸದ್ದಿಗೆ ಒಳಗಿನ ಮಾತು ಅರ್ಧ ಕೇಳಿಸುತ್ತದೆ, ಅರ್ಧ ಕೇಳಿಸುವುದಿಲ್ಲ. ಐದನೆಯ ತರಗತಿಯ ಕೋಣೆಯಲ್ಲಿ ಪೋಷಕರ ಸಭೆ ಸೇರಿದೆ. ಮಕ್ಕಳು ಕೂರುವ ಪುಟ್ಟ ಬೆಂಚುಗಳಲ್ಲಿ ದೊಡ್ಡವರು ಮೊಣಕಾಲು ಮಡಚಿಕೊಂಡು ಕುಳಿತಿದ್ದಾರೆ. ಮುಖ್ಯೋಪಾಧ್ಯಾಯರು ಸಮವಸ್ತ್ರ, ಪಠ್ಯಪುಸ್ತಕ, ಬಿಸಿಯೂಟದ ಲೆಕ್ಕವನ್ನೆಲ್ಲ ಓದಿ ಮುಗಿಸಿ, “ಇನ್ನು ಯಾರಿಗಾದರೂ ಏನಾದರೂ ಕೇಳುವುದಿದೆಯೇ?” ಎನ್ನುತ್ತಾರೆ. ಎಲ್ಲರೂ ಎದುರಿನವರ ಬೆನ್ನು ನೋಡುತ್ತಾರೆ. ಕೊನೆಗೆ ಹಿಂದಿನ ಬೆಂಚಿನಿಂದ ಒಬ್ಬ ತಾಯಿ ಕೇಳುತ್ತಾರೆ: “ಅಲ್ಲ ಮಾಷ್ಟ್ರೇ, ಈ ನಮ್ನಿ ಮಳಿ ಬಂದ್ರೆ ನಮ್ಮ್ ಮಕ್ಕಳ್ ಸಂಕ ದಾಂಟಿ ಶಾಲಿಗ್ ಬಪ್ದ್ ಹ್ಯಾಂಗೆ?”

ಮುಖ್ಯೋಪಾಧ್ಯಾಯರು ಹೇಳುತ್ತಾರೆ: “ಸಂಕ ನಮ್ಮ ಇಲಾಖೆಗೆ ಬರುವುದಿಲ್ಲಮ್ಮ. ಅದನ್ನು ಪಂಚಾಯತಿಯಲ್ಲಿ ಕೇಳಬೇಕು.”

ಈ ಉತ್ತರದಲ್ಲಿ ಸುಳ್ಳೇನೂ ಇಲ್ಲ. ಆದರೆ ಪ್ರಶ್ನೆ ಅಲ್ಲಿಗೇ ನಿಂತುಹೋಯಿತು. ಚಹಾ ಬಂತು, ಸಭೆ ಮುಗಿಯಿತು. ಇಂದಿನ ನನ್ನ ಮಾತು ಹೀಗೆ ನಿಂತುಹೋಗುವ ಪ್ರಶ್ನೆಗಳನ್ನು ಕುರಿತದ್ದು.

ಬಯಲುಸೀಮೆಯ ವೀಕ್ಷಕರಿಗೆ ಸಂಕ ಎಂದರೇನು ಎಂದು ಮೊದಲು ತಿಳಿಸಬೇಕು. ತೋಡು, ಹಳ್ಳ, ಸಣ್ಣ ಹೊಳೆಗಳನ್ನು ದಾಟಲು ಅಡ್ಡಲಾಗಿ ಹಾಕಿಕೊಂಡ ಕಾಲುದಾರಿಯ ಸೇತುವೆಯೇ ಕಾಲುಸಂಕ. ಎರಡು ಅಡಿಕೆ ಮರದ ಕಾಂಡ, ಇಲ್ಲವೇ ಒಂದು ದೊಡ್ಡ ಮರದ ದಿಮ್ಮಿ. ಹಿಡಿಯಲು ಒಂದು ಬಳ್ಳಿಯೋ ಬಿದಿರೋ ಇದ್ದರೆ ಪುಣ್ಯ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 4000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಘಟ್ಟದಿಂದ ಇಳಿದು ಬರುವ ಸೌಪರ್ಣಿಕಾ, ವಾರಾಹಿ, ಸೀತಾ ಮೊದಲಾದ ನದಿಗಳಿಗೆ ಸೇರುವ ತೋಡುಗಳು ಲೆಕ್ಕವಿಲ್ಲದಷ್ಟು. ಬೇಸಗೆಯಲ್ಲಿ ಹಾರಿ ದಾಟುವ ತೋಡು ಆಷಾಢದಲ್ಲಿ ಆಳುದ್ದ ನೀರು ತುಂಬಿಕೊಂಡು ಕೆಂಪಗೆ ಹರಿಯುತ್ತದೆ. ಶಾಲೆ ತೆರೆಯುವುದೂ ಮಳೆ ಹಿಡಿಯುವುದೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಎಂಬುದನ್ನು ನೆನಪಿಡಿ.

2022ರ ಆಗಸ್ಟ್ ತಿಂಗಳಲ್ಲಿ ಬೈಂದೂರು ತಾಲೂಕಿನಲ್ಲಿ ಶಾಲೆಯಿಂದ ಮನೆಗೆ ಮರಳುತ್ತಿದ್ದ ಒಬ್ಬ ಪುಟ್ಟ ಬಾಲಕಿ ಕಾಲುಸಂಕದಿಂದ ಜಾರಿ ನೀರಿನ ಪಾಲಾದಳು. ಆಮೇಲೆ ಅಧಿಕಾರಿಗಳು ಬಂದರು, ಜನಪ್ರತಿನಿಧಿಗಳು ಬಂದರು, ಪತ್ರಿಕೆಗಳಲ್ಲಿ ಕಾಲುಸಂಕಗಳ ಚಿತ್ರಗಳು ಬಂದವು. ಮಳೆಗಾಲದಲ್ಲಿ ಮಕ್ಕಳು ಈ ಸಂಕ ದಾಟುವುದು ಹೇಗೆ ಎಂಬ ಪ್ರಶ್ನೆ ಮಾತ್ರ ಕರಾವಳಿಗೆ ಹೊಸದಾಗಿರಲಿಲ್ಲ.

ಮಗು ಶಾಲೆಗೆ ಬರುವ ದಾರಿ ಶಾಲೆಗೆ ಸೇರಿದ್ದೋ ಅಲ್ಲವೋ? ಬಹಳ ಮಂದಿ ಅಲ್ಲ ಎನ್ನುತ್ತಾರೆ. ಕಾನೂನು ಹಾಗೆ ಹೇಳುವುದಿಲ್ಲ. ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯಿದೆ 2009ರಲ್ಲಿ ಅಂಗೀಕೃತವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಆ ಕಾಯಿದೆಗಾಗಿ ಕೇಂದ್ರವು ರಾಜ್ಯಗಳಿಗೆ ಕಳುಹಿಸಿದ ಮಾದರಿ ನಿಯಮಗಳಲ್ಲಿ, ಒಂದರಿಂದ ಐದನೆಯ ತರಗತಿಗೆ ಒಂದು ಕಿಲೋಮೀಟರು, ಆರರಿಂದ ಎಂಟನೆಯ ತರಗತಿಗೆ ಮೂರು ಕಿಲೋಮೀಟರು ನಡಿಗೆಯೊಳಗೆ ಶಾಲೆ ಇರಬೇಕು ಎಂದಿದೆ. ಅಷ್ಟೇ ಅಲ್ಲ, ನೆರೆ, ಭೂಕುಸಿತ, ರಸ್ತೆಯಿಲ್ಲದಿರುವುದು ಮೊದಲಾದ ಕಾರಣಗಳಿಂದ ಮನೆಯಿಂದ ಶಾಲೆಗೆ ಬರುವ ದಾರಿಯಲ್ಲಿ ಎಳೆಯ ಮಕ್ಕಳಿಗೆ ಅಪಾಯವಿದ್ದರೆ, ಆ ಅಪಾಯ ತಪ್ಪುವಂತೆ ದೂರದ ಮಿತಿಯನ್ನು ಕಡಿಮೆ ಮಾಡಿ ಶಾಲೆಯ ಸ್ಥಳವನ್ನು ಗೊತ್ತುಮಾಡಬೇಕು ಎಂಬ ಮಾತೂ ಇದೆ. ಎಂದರೆ ದಾರಿಯ ಅಪಾಯವನ್ನು ಶಿಕ್ಷಣದ ವಿಷಯವೆಂದೇ ಎಣಿಸಲಾಗಿದೆ. ಆ ತಾಯಿ ಕೇಳಿದ್ದು ತಪ್ಪು ಜಾಗದಲ್ಲಿ ಅಲ್ಲ.

ಹಾಗಾದರೆ ಉತ್ತರ ಕೊಡಬೇಕಾದವರು ಯಾರು? ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಈ ಭಾಗದ ಅಜ್ಜ ಅಜ್ಜಿಯರು ಇಂದಿಗೂ ‘ಬೋರ್ಡ್ ಶಾಲೆ’ ಎನ್ನುವುದುಂಟು. 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಮದರಾಸು ಆಡಳಿತದಲ್ಲಿತ್ತು. ಆ ಕಾಲದಲ್ಲಿ ಅನೇಕ ಶಾಲೆಗಳನ್ನು ನಡೆಸುತ್ತಿದ್ದುದು ಡಿಸ್ಟ್ರಿಕ್ಟ್ ಬೋರ್ಡು. ಇನ್ನು ಕೆಲವನ್ನು ಊರಿನ ಹಿರಿಯರು ಜಾಗ ಕೊಟ್ಟು, ಮಾಡು ಕಟ್ಟಿ ನಡೆಸಿ, ಸರ್ಕಾರದಿಂದ ಅನುದಾನ ಪಡೆಯುತ್ತಿದ್ದರು. ಊರಿನವರೇ ಕಟ್ಟಿದ ಶಾಲೆಯಲ್ಲಿ ಊರಿನವರು ಪ್ರಶ್ನೆ ಕೇಳಲು ಹಿಂಜರಿಯುತ್ತಿರಲಿಲ್ಲ. ಆದರೆ ಕೇಳುತ್ತಿದ್ದವರು ಹೆಚ್ಚಾಗಿ ಊರಿನ ಯಜಮಾನರೇ ಹೊರತು ಗದ್ದೆ ಕೆಲಸದ ಹೆಂಗಸರಲ್ಲ. ಹಳೆಯದನ್ನು ಹೊಗಳುವಾಗ ಇದನ್ನು ಮರೆಯಬಾರದು.

ಆಡಳಿತ ಸರ್ಕಾರದ ಕೈಗೆ ಬಂದಂತೆ ಶಿಕ್ಷಕರಿಗೆ ಸಂಬಳದ ಭದ್ರತೆ ಬಂತು, ಊರಿಗೂ ಶಾಲೆಗೂ ಅಂತರವೂ ಬಂತು. 1997ರ ಆಗಸ್ಟ್‌ನಲ್ಲಿ ಉಡುಪಿ ಪ್ರತ್ಯೇಕ ಜಿಲ್ಲೆಯಾಯಿತು. ಬೈಂದೂರು, ಬ್ರಹ್ಮಾವರಗಳು ತಾಲೂಕುಗಳಾಗಿದ್ದು 2018ರಲ್ಲಿ. ಆದರೆ ಅದಕ್ಕೆ ಮುಂಚೆಯೇ ಕುಂದಾಪುರದಂತೆ ಅವೂ ಶಿಕ್ಷಣ ವಲಯಗಳಾಗಿದ್ದವು. ಒಂದೊಂದು ವಲಯಕ್ಕೆ ಒಬ್ಬ ಕ್ಷೇತ್ರ ಶಿಕ್ಷಣಾಧಿಕಾರಿ, ಅವರ ಮೇಲೆ ಉಡುಪಿಯಲ್ಲಿ ಉಪನಿರ್ದೇಶಕರು. ಪ್ರಶ್ನೆ ಕೆಳಗಿನಿಂದ ಮೇಲಕ್ಕೆ ಹತ್ತಬೇಕಾದ ಮೆಟ್ಟಿಲುಗಳು ಇವು.

ಊರಿಗೆ ಮತ್ತೆ ಒಂದು ಕುರ್ಚಿ ಸಿಕ್ಕಿದ್ದು 2001ರಲ್ಲಿ. ವಿಜ್ಞಾನಿ ರಾಜಾ ರಾಮಣ್ಣನವರ ಅಧ್ಯಕ್ಷತೆಯ ಕಾರ್ಯಪಡೆಯ ಸಲಹೆಯಂತೆ ಕರ್ನಾಟಕ ಸರ್ಕಾರ ಆ ವರ್ಷದ ಏಪ್ರಿಲ್‌ನಲ್ಲಿ ಆದೇಶ ಹೊರಡಿಸಿ, ಪ್ರತಿ ಸರ್ಕಾರಿ ಶಾಲೆಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯನ್ನು ರಚಿಸಿತು. ಎಸ್.ಡಿ.ಎಂ.ಸಿ. ಎಂದರೆ ನಿಮಗೆ ಬೇಗ ತಿಳಿದೀತು. ಮುಂದೆ ಶಿಕ್ಷಣ ಹಕ್ಕು ಕಾಯಿದೆಯ 21ನೆಯ ವಿಧಿ ಇಂಥ ಸಮಿತಿಯಲ್ಲಿ ಕನಿಷ್ಠ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು ಎಂದು ವಿಧಿಸಿತು. ಶಾಲೆ ನಡೆಯುವ ರೀತಿಯನ್ನು ನೋಡಿಕೊಳ್ಳುವುದು, ಅನುದಾನದ ಖರ್ಚಿನ ಮೇಲೆ ಕಣ್ಣಿಡುವುದು, ಶಾಲಾಭಿವೃದ್ಧಿ ಯೋಜನೆಯನ್ನು ಬರೆಯುವುದು ಇದರ ಕೆಲಸ. ಆ ಯೋಜನೆಯ ಆಧಾರದ ಮೇಲೆಯೇ ಶಾಲೆಗೆ ಅನುದಾನ ಸಿಗಬೇಕೆಂದು 22ನೆಯ ವಿಧಿ ಹೇಳುತ್ತದೆ. ಹಿಂದಿನ ಬೆಂಚಿನ ಆ ತಾಯಿ, ಕಾನೂನಿನ ಪ್ರಕಾರ, ಕೇಳಿಕೊಳ್ಳಲು ಬಂದವರಲ್ಲ. ಲೆಕ್ಕ ಕೇಳಲು ಬಂದವರು.

ಅಮೆರಿಕದಲ್ಲಿ ಇದು ಇನ್ನೊಂದು ರೀತಿ. ಷಿಕಾಗೋ ನಗರದ ಶಾಲೆಗಳಿಗಾಗಿ 1988ರಲ್ಲಿ ಒಂದು ಕಾನೂನು ಬಂತು. ಪ್ರತಿ ಶಾಲೆಗೂ ಒಂದು ಸ್ಥಳೀಯ ಮಂಡಳಿ. ಅದರಲ್ಲಿ ಆರು ಮಂದಿ ಪೋಷಕರು, ಇಬ್ಬರು ಊರವರು, ಇಬ್ಬರು ಶಿಕ್ಷಕರು, ಜೊತೆಗೆ ಮುಖ್ಯೋಪಾಧ್ಯಾಯರು. ಆ ಮುಖ್ಯೋಪಾಧ್ಯಾಯರನ್ನು ಆರಿಸುವ ಅಧಿಕಾರವನ್ನೂ ಮಂಡಳಿಗೇ ಕೊಟ್ಟರು. ನಮ್ಮ ಸಮಿತಿಗೆ ಅಂಥ ಅಧಿಕಾರವಿಲ್ಲ. ನೇಮಕವೂ ವರ್ಗಾವಣೆಯೂ ಇಲಾಖೆಯ ಕೈಯಲ್ಲಿವೆ. ಆದುದರಿಂದಲೇ ನಮ್ಮ ಸಭೆಗಳಲ್ಲಿ “ಅದು ಮೇಲಿನಿಂದ ಬರಬೇಕು” ಎಂಬ ಮಾತು ಅಷ್ಟೊಂದು ಸಲ ಕೇಳಿಬರುತ್ತದೆ. ಕೆಲವು ಸಲ ಅದು ನೆಪ, ನಿಜ. ಆದರೆ ಬಹಳ ಸಲ ಮುಖ್ಯೋಪಾಧ್ಯಾಯರು ತಮ್ಮ ಕೈಯಲ್ಲಿಲ್ಲದ್ದಕ್ಕೆ ಊರಿನ ಮುಂದೆ ತಲೆತಗ್ಗಿಸಿ ನಿಲ್ಲುತ್ತಾರೆ. ಅವರ ಕಷ್ಟವನ್ನೂ ನಾವು ಕಾಣಬೇಕು.

ಒಂದು ಉದಾಹರಣೆ ಕೊಡುತ್ತೇನೆ. “ನಮ್ಮ ಶಾಲೆಗೆ ಶಿಕ್ಷಕರು ಸಾಲದು” ಎಂದು ಸಭೆಯಲ್ಲಿ ಯಾರೋ ಹೇಳುತ್ತಾರೆ. ಇದು ದೂರು, ಇದಕ್ಕೆ ಉತ್ತರ ಸಿಗುವುದಿಲ್ಲ, ಸಮಾಧಾನ ಸಿಗುತ್ತದೆ. ಇದನ್ನೇ ಹೀಗೆ ಕೇಳಿ ನೋಡಿ: ಕಾಯಿದೆಯ ಅನುಸೂಚಿಯಂತೆ ಒಂದರಿಂದ ಐದನೆಯ ತರಗತಿಗಳಲ್ಲಿ 60 ಮಕ್ಕಳವರೆಗೆ ಇಬ್ಬರು, 61ರಿಂದ 90ರವರೆಗೆ ಮೂವರು, 91ರಿಂದ 120ರವರೆಗೆ ನಾಲ್ವರು ಶಿಕ್ಷಕರಿರಬೇಕು. ನಮ್ಮ ಶಾಲೆಯ ಈ ತರಗತಿಗಳಲ್ಲಿ 74 ಮಕ್ಕಳಿದ್ದಾರೆ, ಇಬ್ಬರು ಶಿಕ್ಷಕರಿದ್ದಾರೆ. ಮೂರನೆಯವರು ಯಾವಾಗ ಬರುತ್ತಾರೆ? ಇದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳು ಒಂದು ಉತ್ತರ ಕೊಡಲೇಬೇಕಾಗುತ್ತದೆ. ಸಭೆಯ ನಡಾವಳಿ ಪುಸ್ತಕದಲ್ಲಿ ದಿನಾಂಕ ಹಾಕಿ ಬರೆದು, ಸಹಿ ಮಾಡಿಸಿ, ಪ್ರತಿಯನ್ನು ಕಚೇರಿಗೆ ಕೊಟ್ಟು, ತಲುಪಿದ್ದಕ್ಕೆ ಮೊಹರು ಪಡೆದರೆ ಆ ಪ್ರಶ್ನೆ ಚಹಾದೊಂದಿಗೆ ಮುಗಿಯುವುದಿಲ್ಲ. ಮಗುವಿನ ಶಿಕ್ಷಣದ ಹಕ್ಕಿಗೆ ಸಂಬಂಧಿಸಿದ ದೂರನ್ನು ಯಾರು ಬೇಕಾದರೂ ಬರಹದಲ್ಲಿ ಸ್ಥಳೀಯ ಪ್ರಾಧಿಕಾರಕ್ಕೆ ಕೊಡಬಹುದು, ಮೂರು ತಿಂಗಳೊಳಗೆ ಅದು ತೀರ್ಮಾನವಾಗಬೇಕು ಎಂದು 32ನೆಯ ವಿಧಿಯಲ್ಲಿದೆ. ಕೇವಲ ಮಾಹಿತಿ ಬೇಕಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆ ಇದೆ. ಅದರಲ್ಲಿ ಸಾಮಾನ್ಯವಾಗಿ 30 ದಿನಗಳ ಗಡುವು.

ಒಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. 21ನೆಯ ವಿಧಿ ಅನುದಾನರಹಿತ ಖಾಸಗಿ ಶಾಲೆಗಳಿಗೆ ಅನ್ವಯಿಸುವುದಿಲ್ಲ. ಹೆದ್ದಾರಿಯುದ್ದಕ್ಕೂ ಬೆಳಿಗ್ಗೆ ಎಂಟು ಗಂಟೆಗೆ ಹಳದಿ ಬಸ್ಸುಗಳಲ್ಲಿ ಹೋಗುವ ಮಕ್ಕಳ ತಂದೆತಾಯಿಗಳು ಶುಲ್ಕ ಕಟ್ಟುತ್ತಾರೆ, ಆದರೆ ಇಂಥ ಸಮಿತಿಯಲ್ಲಿ ಕುಳಿತು ಖರ್ಚಿನ ಲೆಕ್ಕ ಕೇಳುವ ಹಕ್ಕನ್ನು ಈ ವಿಧಿ ಅವರಿಗೆ ಕೊಟ್ಟಿಲ್ಲ. ಸರ್ಕಾರಿ ಶಾಲೆಯಲ್ಲಿ ಈ ಹಕ್ಕು ಬಿಟ್ಟಿಯಾಗಿ ಸಿಕ್ಕಿರುವಾಗ ಅದನ್ನು ಬಳಸುವವರು ಕಡಿಮೆ ಎನ್ನುವುದು ನನಗೆ ವಿಚಿತ್ರವಾಗಿ ಕಾಣುತ್ತದೆ. 2024ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಉಡುಪಿ ಜಿಲ್ಲೆ ಶೇಕಡಾ 94ರ ಫಲಿತಾಂಶ ಪಡೆದು ರಾಜ್ಯಕ್ಕೇ ಮೊದಲಿಗನಾಯಿತು, 2025ರಲ್ಲಿ ಎರಡನೆಯ ಸ್ಥಾನದಲ್ಲಿತ್ತು. ಹೆಮ್ಮೆಯ ವಿಷಯವೇ. ಆದರೆ ಫಲಿತಾಂಶ ಚೆನ್ನಾಗಿದೆ, ಇನ್ನೇನು ಕೇಳುವುದು ಎಂಬ ಭಾವನೆ ಬಂದರೆ, ಹತ್ತನೆಯ ತರಗತಿಯವರೆಗೆ ಬಾರದೆ ನಡುವೆಯೇ ನಿಂತ ಮಕ್ಕಳ ಲೆಕ್ಕವನ್ನು ಯಾರೂ ಕೇಳುವುದಿಲ್ಲ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ಪ್ರಶ್ನೆ ಕೇಳುವುದು ದೊಡ್ಡವರ ಕೆಲಸ ಎಂದು ನೀವು ತಿಳಿದಿದ್ದರೆ, ಕುಂದಾಪುರ ತಾಲೂಕಿನ ಮಕ್ಕಳು ಅದನ್ನು ಬಹಳ ಹಿಂದೆಯೇ ಸುಳ್ಳು ಮಾಡಿದ್ದಾರೆ. ‘ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಎಂಬ ಸಂಸ್ಥೆಯ ಬೆಂಬಲದಿಂದ ದುಡಿಯುವ ಮಕ್ಕಳೇ ಕಟ್ಟಿಕೊಂಡ ಭೀಮ ಸಂಘ 1990ರಲ್ಲಿ ಆರಂಭವಾಯಿತು. ಆ ದಶಕದಲ್ಲಿಯೇ ಕುಂದಾಪುರ ತಾಲೂಕಿನ ಕೆಲವು ಗ್ರಾಮಗಳಲ್ಲಿ ಮಕ್ಕಳ ಪಂಚಾಯತ್‌ಗಳು ಹುಟ್ಟಿದವು. ಶಾಲೆಗೆ ಹೋಗುವವರೂ ಹೋಗದವರೂ ಸೇರಿ ತಮ್ಮ ಪ್ರತಿನಿಧಿಗಳನ್ನು ಆರಿಸಿಕೊಂಡರು. ಮನೆಮನೆಗೆ ಹೋಗಿ ಮಾಹಿತಿ ಕಲೆಹಾಕಿ, ನಕ್ಷೆ ಬರೆದು, ದೊಡ್ಡವರ ಪಂಚಾಯತಿಯ ಮುಂದೆ ಇಟ್ಟರು. ಈ ಅನುಭವದ ಬಲದಿಂದ ಕರ್ನಾಟಕ ಸರ್ಕಾರ 2006ರಲ್ಲಿ ಗ್ರಾಮ ಪಂಚಾಯತಿಗಳು ಮಕ್ಕಳ ಗ್ರಾಮಸಭೆಯನ್ನು ನಡೆಸಬೇಕೆಂದು ಸೂಚಿಸಿತು.

ಮಕ್ಕಳ ಪ್ರಶ್ನೆಗೆ ಒಂದು ವಿಶೇಷ ಗುಣವಿದೆ. ಸಂಕಕ್ಕೆ ಹಿಡಿಗಂಬಿ ಹಾಕಿದ್ದೇವೆ ಎಂದು ದೊಡ್ಡವರು ವರದಿ ಬರೆಯುತ್ತಾರೆ. ಆ ಕಂಬಿ ದೊಡ್ಡವರ ಸೊಂಟದ ಎತ್ತರಕ್ಕಿದ್ದರೆ ಒಂದನೆಯ ತರಗತಿಯ ಮಗುವಿಗೆ ಅದು ಕೊರಳೆತ್ತರ. ಕೆಳಗೆ ನುಸುಳಿ ಬೀಳುವಷ್ಟು ಸಂದು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ತಂಗಿಯ ಕೈ. ಹಿಡಿಯಲು ಮೂರನೆಯ ಕೈ ಎಲ್ಲಿದೆ? ಇದು ಎಂಜಿನಿಯರರಿಗೆ ಹೊಳೆಯದೇ ಹೋಗಬಹುದು. ದಿನವೂ ದಾಟುವ ನಿಮಗೆ ಗೊತ್ತು. ಒಂದು ಅಳತೆ ಟೇಪು ಹಿಡಿದು ಸಂಕದ ಉದ್ದ, ಅಗಲ, ಕಂಬಿಯ ಎತ್ತರ ಅಳೆದು, ಎಷ್ಟು ಮಕ್ಕಳು ದಾಟುತ್ತಾರೆಂದು ಎಣಿಸಿ ಬರೆದುಕೊಂಡು ಹೋದರೆ ಗ್ರಾಮಸಭೆಯಲ್ಲಿ ನಿಮ್ಮನ್ನು ಸುಮ್ಮನೆ ಕೂರಿಸುವುದು ಸುಲಭವಲ್ಲ. ಹಣವಿಲ್ಲ ಎನ್ನುವ ಉತ್ತರ ಬಂದೀತು. ಉದ್ಯೋಗ ಖಾತ್ರಿಯ ಹಣದಲ್ಲಿ ಇಂಥ ಸಂಕಗಳನ್ನು ಕಟ್ಟಿದ್ದುಂಟು. ಲೋಕೋಪಯೋಗಿ ಇಲಾಖೆಯಿಂದ ‘ಶಾಲಾ ಸಂಪರ್ಕ ಸೇತು’ ಎಂಬ ಯೋಜನೆಯೂ ಬಂದಿತ್ತು. ಹಣ ಯಾವ ಬಾಬಿನಲ್ಲಿದೆ ಎಂದು ಮುಂದಿನ ಪ್ರಶ್ನೆ ಕೇಳಬಹುದು.

ಶಾಲೆಯ ಕಡೆಯಿಂದ ಆಗಬೇಕಾದದ್ದು ಕೂಡ ದೊಡ್ಡದೇನಲ್ಲ. ಮೊದಲು ಹೇಳಿದ ಸಭೆಗೆ ಮರಳೋಣ. ಈ ಸಲ ಸ್ವಲ್ಪ ಬೇರೆ ರೀತಿ ನಡೆಯಿತೆಂದು ಭಾವಿಸೋಣ. “ಸಂಕ ನಮ್ಮ ಇಲಾಖೆಗೆ ಬರುವುದಿಲ್ಲಮ್ಮ” ಎಂದ ಮೇಲೆ ಮುಖ್ಯೋಪಾಧ್ಯಾಯರು ನಡಾವಳಿ ಪುಸ್ತಕ ತೆರೆದು ತಾಯಿಯ ಪ್ರಶ್ನೆಯನ್ನು ಅವರ ಮಾತಿನಲ್ಲೇ ಬರೆದುಕೊಳ್ಳುತ್ತಾರೆ. ಆ ಸಂಕ ದಾಟುವ ಹನ್ನೊಂದು ಮಕ್ಕಳ ಪಟ್ಟಿ ಸೇರಿಸಿ ಪಂಚಾಯತಿಗೂ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೂ ಕಳುಹಿಸುತ್ತಾರೆ. ನೀರು ಏರಿದ ದಿನ ಆ ಮಕ್ಕಳನ್ನು ಸಂಜೆ ದೊಡ್ಡವರು ಬಂದು ಕರೆದುಕೊಂಡು ಹೋಗುವವರೆಗೆ ಶಾಲೆಯಲ್ಲೇ ಇರಿಸಿಕೊಳ್ಳುವುದೆಂದು ಸಭೆ ನಿರ್ಧರಿಸುತ್ತದೆ. ಇಷ್ಟಕ್ಕೆ ಯಾರ ಅಪ್ಪಣೆಗೂ ಕಾಯಬೇಕಿಲ್ಲ, ಒಂದು ರೂಪಾಯಿ ಅನುದಾನವೂ ಬೇಡ.

ಮುಂದಿನ ತಿಂಗಳ ಸಭೆ. ಮಳೆ ಇನ್ನೂ ಬಿಟ್ಟಿಲ್ಲ. ಹಿಂದಿನ ಸಭೆಯ ನಡಾವಳಿ ಓದುತ್ತಾ ಮುಖ್ಯೋಪಾಧ್ಯಾಯರು ಪಂಚಾಯತಿಯಿಂದ ಬಂದ ಉತ್ತರವನ್ನು ತಿಳಿಸುತ್ತಾರೆ: ಮಳೆ ಬಿಟ್ಟ ಮೇಲೆ ಎಂಜಿನಿಯರರು ಬಂದು ಸ್ಥಳ ನೋಡುತ್ತಾರಂತೆ. ಹಿಂದಿನ ಬೆಂಚಿನಿಂದ ಅದೇ ತಾಯಿ ಕೇಳುತ್ತಾರೆ: “ಮಳಿ ಬಿಟ್ಟ್ ಮೇಲೆ ಅಂದ್ರೆ ಯಾವ್ ತಿಂಗಳ್ ಮಾಷ್ಟ್ರೇ?”

ಮುಖ್ಯೋಪಾಧ್ಯಾಯರು ಅದನ್ನೂ ಬರೆದುಕೊಳ್ಳುತ್ತಾರೆ.